ಸಂಜೆಗಂಟ ಬರಲ್ಲ ಅಂದವಳು ನಾನೇ

ದೇವಮ್ಮಣ್ಣಿ ನನ್ನನ್ನು ಕೇಳಿದ್ದಳು. ಬೇಲಿಯ ಆಚೆ ನಿಂತು, ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡು, ನನ್ನ ಮುಖ ನೋಡಿಯೇ ಕೇಳಿದ್ದಳು — ಇವತ್ತು ಕರೆಂಟು ಎಷ್ಟೊತ್ತಿಗೆ ಬರುತ್ತದೆ ಎಂದು. ಸಂಜೆಯ ತನಕ ಬರುವುದಿಲ್ಲ ಎಂದೆ. ಬೇಗ ಬಂದರೂ ಬರಬಹುದು ಎನ್ನುವುದು ನನಗೆ ಗೊತ್ತಿತ್ತು. ನನ್ನ ಮಾತು ನಂಬಿ ಅವಳ ಗಂಡ ಬಾವಿಗೆ ಇಳಿದರು. ಜೀವಂತವಾಗಿ ಮೇಲೆ ಬರಲಿಲ್ಲ. ಆಮೇಲೆ ಅವರ ಮನೆಯ ಜಗಲಿಯ ಮೇಲೆ ಹಿರಿಯರೆಲ್ಲ ಕೂತು ನನ್ನನ್ನು ಕರೆಸಿ ಕೇಳಿದಾಗ, ಅವಳು ನನ್ನನ್ನು ಕೇಳಲೇ ಇಲ್ಲ ಅಂದುಬಿಟ್ಟೆ.

ನಡೆದದ್ದು ಇಷ್ಟೇ. ಇಷ್ಟನ್ನು ಬರೆಯುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು. ಈಗಲೂ ಬರೆದದ್ದನ್ನು ಓದಿಕೊಂಡರೆ, ಬೇರೆ ಯಾರೋ ಹೆಂಗಸಿನ ಕಥೆಯ ಹಾಗೆ ಕಾಣುತ್ತದೆ — ಆ ಥರ ಕಾಣುವುದೇ ನನ್ನ ರೋಗವೋ ಏನೋ.

ಆಗ ನಾವು ಗುಂಡ್ಲುಪೇಟೆಯಲ್ಲಿದ್ದೆವು. ನಮ್ಮ ಯಜಮಾನರಿಗೆ ಅಲ್ಲಿನ ಕರೆಂಟ್ ಆಫೀಸಿನಲ್ಲಿ ಆಪರೇಟರ್ ಕೆಲಸ. ಊರಿನ ಅಂಚಿನಲ್ಲಿ ಒಂದು ಕಲ್ಲಿನ ಕಟ್ಟಡ, ಅದರೊಳಗೆ ಆಳೆತ್ತರದ ಸ್ವಿಚ್ಚುಗಳು. ಮೈಸೂರಿನ ಕಡೆಯಿಂದ ಬಂದ ದೊಡ್ಡ ತಂತಿ ಅಲ್ಲಿಗೆ ಸೇರಿ, ಅಲ್ಲಿಂದ ಊರಿಗೊಂದು ದಾರಿ, ತೋಟಗಳ ಪಂಪುಗಳಿಗೊಂದು, ತೆರಕಣಾಂಬಿಯ ಕಡೆಗೊಂದು ದಾರಿ ಹಿಡಿಯುತ್ತಿತ್ತು. ಮೇಲಿನವರು ಫೋನಿನಲ್ಲಿ ಹೇಳಿದ ಹಾಗೆ ಇವರು ಯಾವ ಕಡೆಗೆ ಕೊಡಬೇಕೋ ಆ ಕಡೆಗೆ ಕೊಡಬೇಕು, ತೆಗೆ ಅಂದಾಗ ತೆಗೆಯಬೇಕು. ಅದರ ಮಗ್ಗುಲಲ್ಲೇ ನಮಗೆ ಕೊಟ್ಟ ಮನೆ. ಹಿತ್ತಿಲಿಗೆ ಕಳ್ಳಿಯ ಬೇಲಿ. ಬೇಲಿಯ ಆಚೆ ದೇವಮ್ಮಣ್ಣಿಯ ತೋಟ, ಅವರ ಬಾವಿ.

ಅವರದ್ದು ಊರಿನಲ್ಲಿ ಹಳೆಯ ಮನೆತನ. ಗಂಡ ಮಹದೇವಪ್ಪನವರು, ಭಾವ ಗುರುಮಲ್ಲಪ್ಪನವರು; ಅಣ್ಣತಮ್ಮಂದಿರು ಇನ್ನೂ ಪಾಲಾಗಿರಲಿಲ್ಲ. ದೇವಮ್ಮಣ್ಣಿಗೆ ಒಬ್ಬಳೇ ಮಗಳು, ಗಿರಿಜ, ಆಗ ಸ್ಕೂಲಿಗೆ ಹೋಗುತ್ತಿದ್ದಳು. ನಾನು ಬಂದ ಹೊಸದರಲ್ಲಿ ಬೇಲಿಯ ಸಂದಿನಿಂದ ನನಗೆ ಮೊದಲು ಒಂದು ಹಿಡಿ ಕೊತ್ತಂಬರಿ ಸೊಪ್ಪು ಕೊಟ್ಟವಳು ಅವಳು. ಸಂಬಳದವರ ಹೆಂಡತಿ, ನಾಳೆ ವರ್ಗವಾಗಿ ಹೋಗುವವಳು ಎಂದು ನೋಡಲಿಲ್ಲ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಒಡಹುಟ್ಟಿದವರಿಲ್ಲದ ನನಗೆ ಆ ಕರೆ ಬರೀ ಬಾಯಿಮಾತಿನದಾಗಿರಲಿಲ್ಲ.

ಹಿಂದಿನ ವರ್ಷ ಕೊಡಗಿನಲ್ಲಿ ಮಳೆ ಕೆಟ್ಟಿತ್ತು. ಬರಲೇ ಇಲ್ಲ ಎಂದಲ್ಲ — ಬಂದದ್ದು ಒಂದೇ ಸಮನೆ ಸುರಿದು ಹರಿದುಹೋಯಿತು, ಆಮೇಲೆ ನಿಂತು ಹಿಡಿಯಬೇಕಾದ ಕಾಲದಲ್ಲಿ ಬಾನು ಬೆಳ್ಳಗಿತ್ತು. ಅದು ನಮಗೆ ಆಗ ಯಾರಿಗೆ ಗೊತ್ತು? ಗುಂಡ್ಲುಪೇಟೆಯ ಹೆಂಗಸರಿಗೆ ಕೊಡಗು ಎಂದರೆ ಕಿತ್ತಳೆ ಹಣ್ಣು ಬರುವ ಊರು. ಬೇಸಿಗೆ ಕಾಲಿಟ್ಟ ಮೇಲೆ ಕರೆಂಟು ನಿಂತು ನಿಂತು ಬರತೊಡಗಿತು. ಮೊದಲು ರಾತ್ರಿಯ ದೀಪ ಮಂಕಾಯಿತು. ಆಮೇಲೆ ಹಿಟ್ಟಿನ ಮಿಷನ್ನಿಗೆ ಹೊತ್ತು ಗೊತ್ತು ಮಾಡಿದರು. ಆಮೇಲೆ ತೋಟದ ಪಂಪುಗಳಿಗೆ. ಅಟ್ಟದ ಮೇಲೆ ಬಿದ್ದಿದ್ದ ಬೀಸುವ ಕಲ್ಲನ್ನು ಮನೆ ಮನೆಯಲ್ಲೂ ಕೆಳಗೆ ಇಳಿಸಿಕೊಂಡೆವು.

ಒಂದು ದಿನ ಊಟಕ್ಕೆ ಕೂತಾಗ ಯಜಮಾನರನ್ನು ಕೇಳಿದೆ — ಇದೇನು, ತಂತಿಯಲ್ಲಿ ಬರುವುದಕ್ಕೂ ಬರಗಾಲವೇ?

"ಶಿವನಸಮುದ್ರದಲ್ಲಿ ನೀರು ಬಿದ್ದರೆ ತಾನೇ ಚಕ್ರ ತಿರುಗೋದು?" ಅಂದರು. "ಬೀಳೋಕೆ ಎತ್ತರ ಇದೆ. ಬೀಳೋಕೆ ನೀರು ಬೇಡವಾ? ಕೊಡಗಲ್ಲಿ ಹುಯ್ದರೆ ತಾನೇ ಹೊಳೆ ಬರೋದು; ಈಗ ಮೇಲೆ ಕಟ್ಟೆಯಲ್ಲಿ ನೆಲ ಕಾಣ್ತಾ ಇದೆಯಂತೆ. ಇರೋದನ್ನ ಅಳೆದು ಅಳೆದು ಬಿಡ್ತಾ ಇದಾರೆ. ಹುಳಿಗೆ ನೀರು ಬೆರೆಸಿ ಎಲ್ಲರಿಗೂ ಬಡಿಸಲ್ವಾ ನೀನು, ಹಾಗೆ."

ವಿಚಿತ್ರವೆಂದರೆ ಆ ಬೇಸಿಗೆಯಲ್ಲಿ ನಮ್ಮ ಕಡೆ ಮಳೆ ಚೆನ್ನಾಗೇ ಆಯಿತು. ಭರಣಿ ಹುಯ್ಯಿತು, ಕೃತ್ತಿಕೆ ಹುಯ್ಯಿತು. ಜೋಳ ಬಿತ್ತಿದರು, ಅರಿಸಿನ ಹಾಕಿದರು. ಕರೆಂಟು ಮಾತ್ರ ಇನ್ನೂ ಕಡಿಮೆಯಾಯಿತು. ಜನ ಆಫೀಸಿನ ಮುಂದೆ ಬಂದು ಕೂಗಾಡುತ್ತಿದ್ದರು. "ಏನ್ ಸ್ವಾಮಿ, ಕೆರೆ ಕೋಡಿ ಬೀಳೋ ಅಂಗೆ ಹುಯ್ದದೆ, ನೀರಿಲ್ಲ ಕರೆಂಟಿಲ್ಲ ಅಂತೀರಿ. ಯಾರ ಕಿವಿಗೆ ಹೂವ ಮಡಗ್ತೀರಿ?" ನಮ್ಮ ಮಳೆ ಬೇರೆ, ಕರೆಂಟಿನ ಮಳೆ ಬೇರೆ ಎಂದು ಇವರು ಎಷ್ಟು ಹೇಳಿದರೂ ನಂಬುವವರಿಲ್ಲ. ಆಮೇಲೆ ಆರಿದ್ರೆಯ ಹೊತ್ತಿಗೆ ನಮ್ಮಲ್ಲಿ ಒಣಗಾಳಿ ಎದ್ದಿತು. ಮೋಡ ಓಡುತ್ತದೆ, ಹನಿ ಬೀಳುವುದಿಲ್ಲ, ಬೀದಿಯ ಧೂಳು ಅಡುಗೆಮನೆಗೆ. ಮೊಳಕೆಯೊಡೆದ ಅರಿಸಿನ ನೀರು ಕೇಳತೊಡಗಿತು. ಪಂಪಿಗೆ ಕರೆಂಟಿಲ್ಲ.

ಇಲ್ಲಿ ಒಂದು ಸಂಗತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಪಂಪಿನ ಸ್ವಿಚ್ಚಿಗೆ ಒಂದು ಹಿಡಿ ಇರುತ್ತದೆ. ಕರೆಂಟು ಹೋದರೆ ಆ ಹಿಡಿ ತಾನಾಗಿಯೇ ಕಳಚಿ ಕೆಳಗೆ ಬೀಳುತ್ತದೆ; ಕರೆಂಟು ಮತ್ತೆ ಬಂದಾಗ ಮನುಷ್ಯರು ಹೋಗಿ ಎತ್ತಿ ಹಾಕಬೇಕು. ಕಡಿತದ ಕಾಲದಲ್ಲಿ ಕರೆಂಟು ಯಾವ ಹೊತ್ತಿಗೆ ಬರುತ್ತದೋ ಯಾವ ಹೊತ್ತಿಗೆ ಹೋಗುತ್ತದೋ, ತೋಟದಲ್ಲಿ ಕಾದು ಕೂರುವವರು ಯಾರು? ಅದಕ್ಕೆ ಎಲ್ಲರೂ ಆ ಹಿಡಿಯನ್ನು ಮೇಲಕ್ಕೆತ್ತಿ ಬಾಳೆನಾರಿನಿಂದ ಬಿಗಿಯಾಗಿ ಕಟ್ಟಿಬಿಡುತ್ತಿದ್ದರು. ಕರೆಂಟು ಬಂದ ಕೂಡಲೇ ಪಂಪು ತಾನೇ ತಿರುಗಬೇಕು, ನೀರು ತಾನೇ ಪಾತಿಗೆ ಹೋಗಬೇಕು. ನಮ್ಮ ಯಜಮಾನರು ಕಂಡ ಕಂಡವರಿಗೆ ಹೇಳುತ್ತಿದ್ದರು, ಕಟ್ಟಬೇಡಿ, ಅದು ಬೀಳಲಿ ಅಂತಲೇ ಮಾಡಿರೋದು ಎಂದು. ಹೂಂ ಅನ್ನುವರು, ಮನೆಗೆ ಹೋಗಿ ಹೊಸ ನಾರು ಹುಡುಕುವರು.

ನಾನೂ ಅಡುಗೆಮನೆಯ ದೀಪದ ಸ್ವಿಚ್ಚನ್ನು ಹಾಕಿಯೇ ಇಡುತ್ತಿದ್ದೆ. ಹತ್ತಿದರೆ ಬಂತು ಎಂದು ತಿಳಿಯಲಿ ಅಂತ.

ಕರೆಂಟು ಅಪರೂಪವಾದ ಹಾಗೆ ನನ್ನ ಬೆಲೆ ಏರಿತು. ಈಗ ನೆನೆದರೆ ನಾಚಿಕೆ — ಆಗ ಎಷ್ಟು ಹಿತವಾಗಿತ್ತು. ಬೆಳಿಗ್ಗೆ ಬೀದಿಯ ಸೇದುವ ಬಾವಿಗೆ ಹೋದರೆ ಹೆಂಗಸರು ನನಗೆ ಜಾಗ ಬಿಡುವರು. "ಎಷ್ಟೊತ್ತಿಗೆ ಕಣಮ್ಮಿ ಇವತ್ತು?" ಯಜಮಾನರು ಬೆಳಗಿನ ರೊಟ್ಟಿ ತಿನ್ನುವಾಗ ಬಾಯಿಗೆ ಬಂದದ್ದನ್ನು ನಾನು ಅಲ್ಲಿ ಹೇಳುವೆನು. ಇಂಥ ಹೊತ್ತಿಗೆ ಮಿಷನ್ನಿಗೆ ಹೋಗಿ, ಇಂಥ ಹೊತ್ತಿಗೆ ಪಂಪು. ಹೊಳೆಯೇ ನಮ್ಮ ಹಿತ್ತಿಲಿನಲ್ಲಿ ಇದೆಯೇನೋ ಎನ್ನುವ ಹಾಗೆ ಹೇಳುವೆನು. ನನಗೆ ಕರೆಂಟಮ್ಮ ಎಂದು ಹೆಸರಿಟ್ಟರು. ನಕ್ಕೆ. ಬೇಡ ಎನ್ನಲಿಲ್ಲ.

ಒಂದು ಸಲ ನನ್ನ ಮಾತು ಸುಳ್ಳಾಯಿತು. ಬೆಳಿಗ್ಗೆಯೇ ಮಿಷನ್ನಿಗೆ ಕೊಡುತ್ತಾರೆ ಎಂದು ಹೇಳಿದ್ದೆ. ಇಡೀ ಬೀದಿಯ ಹೆಂಗಸರು ರಾಗಿ ಹೊತ್ತು ಹೋಗಿ ಕೂತರು. ಹೊಳೆ ಇನ್ನೂ ಇಳಿಯಿತಂತೆ, ಮೇಲಿನವರು ಕೊಡಲಿಲ್ಲ. ಮಧ್ಯಾಹ್ನ ಇಳಿಯುವ ತನಕ ಕಾದು, ರಾಗಿಯನ್ನು ಹಾಗೆಯೇ ತಲೆ ಮೇಲೆ ಹೊತ್ತು ವಾಪಸು ಬಂದರು. ಮಾರನೆಯ ಬೆಳಿಗ್ಗೆ ಬಾವಿಯ ಹತ್ತಿರ ಕೆಂಪಮ್ಮ ಎನ್ನುವವಳು, ಸೊಪ್ಪು ಮಾರುವವಳು, ಎಲ್ಲರಿಗೂ ಕೇಳುವ ಹಾಗೆ ಅಂದಳು:

"ಕರೆಂಟಮ್ಮ ತಾಯಿ, ನಿಮ್ಮ ಕರೆಂಟ ಯಾವ ಗೂಟಕ್ಕೆ ಕಟ್ಟಾಕಿದ್ದೀರಿ? ಒಸಿ ಬಿಚ್ಚಿಬುಡಿ. ನಮ್ಮ ಐಕ್ಳು ನೆನ್ನೆ ರಾಗಿ ಕಾಳನ್ನೇ ನೆಕ್ಕಂಡು ಮಲೀಕಂಡೊ."

ಎಲ್ಲರೂ ನಕ್ಕರು. ದೇವಮ್ಮಣ್ಣಿ ಒಬ್ಬಳು ನಗಲಿಲ್ಲ. "ಬುಡ್ರವ್ವ, ಅವಳೇನು ತಂತಿ ಒಳಗೆ ಕೂತಿದ್ದಾಳಾ?" ಅಂದಳು. ನನ್ನನ್ನು ಬಿಟ್ಟುಕೊಡದೆ ಮಾತಾಡಿದವಳು ಅವಳೇ. ನಾನು ಮಾತ್ರ ಮನೆಗೆ ಬಂದು ಆ ನಗುವನ್ನು ಎಷ್ಟು ದಿನ ಅಗಿದೆನೋ. ಆವತ್ತಿನಿಂದ ಒಂದು ನಿಶ್ಚಯ ಮಾಡಿಕೊಂಡೆ. ಬರುತ್ತದೆ ಎಂದು ಹೇಳಿ ಬರದಿದ್ದರೆ ತಾನೇ ಬೈಗುಳ? ತಡ ಎಂದು ಹೇಳಿಬಿಟ್ಟರೆ ಆಯಿತು. ಬೇಗ ಬಂದರೆ ಸಂತೋಷ ಪಡುತ್ತಾರೆ, ಯಾರೂ ನನ್ನನ್ನು ಕೇಳುವುದಿಲ್ಲ. ಎಷ್ಟು ಜಾಣತನ ಎಂದುಕೊಂಡಿದ್ದೆ —

ಆ ದಿನ ಬೆಳಿಗ್ಗೆ ಯಜಮಾನರು ರೊಟ್ಟಿ ಮುರಿಯುತ್ತಾ ಹೇಳಿದರು. "ಕೊಡಗಲ್ಲಿ ಕೊನೆಗೂ ಹಿಡಕೊಂಡಿದೆಯಂತೆ. ಹೊಳೆ ಏರ್ತಾ ಇದೆಯಂತೆ. ಇವತ್ತು ಮಧ್ಯಾಹ್ನಕ್ಕೇ ಕೊಡು ಅಂದರೂ ಅಂದಾರು."

ಇದನ್ನು ನಾನು ಕೇಳಿಸಿಕೊಂಡೆ. ಒಲೆಯ ಸದ್ದಿನಲ್ಲಿ ಕೇಳಿಸಲಿಲ್ಲ ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಕೇಳಿಸಿತ್ತು. "ಹೌದಾ, ಒಳ್ಳೆಯದಾಯಿತು" ಎಂದು ಉತ್ತರವನ್ನೂ ಕೊಟ್ಟಿದ್ದೆ.

ಅವರು ಆಫೀಸಿಗೆ ಹೋದ ಮೇಲೆ ಹಿತ್ತಿಲಿನಲ್ಲಿ ನಿಂತು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದೆ. ಗಾಳಿ, ಧೂಳು, ನೆತ್ತಿಯ ಮೇಲೆ ಖಾಲಿ ಮೋಡ. ಬೇಲಿಯ ಆಚೆ ದೇವಮ್ಮಣ್ಣಿ ಬಂದಳು.

"ಕರೆಂಟು ಎಷ್ಟೊತ್ತಿಗಂತೆ ರಾಜಮ್ಮ? ಪಂಪಿನ ಬೆಲ್ಟು ಜಾರ್ಕತದೆ. ಇವ್ರು ಇಳಿದು ಸರಿ ಮಾಡ್ತೀನಿ ಅಂತವ್ರೆ."

ನಾನು ಮೇಲೆ ನೋಡಿದೆ. ನಮ್ಮ ಬಾನಿನಲ್ಲಿ ಹನಿಯ ಗುರುತಿಲ್ಲ. ಮಧ್ಯಾಹ್ನ ಬಂದರೂ ಬರಬಹುದು ಅನ್ನಲೇ? ಬರದಿದ್ದರೆ? ನಾಳೆ ಬಾವಿಯ ಹತ್ತಿರ ಕೆಂಪಮ್ಮನ ಬಾಯಿ... ಗೊತ್ತಿಲ್ಲ ಕಣಕ್ಕ — ಅಷ್ಟು ಅಂದಿದ್ದರೆ ಸಾಕಿತ್ತು. ಅದು ನಿಜವೂ ಆಗಿತ್ತು. ಆದರೆ ಕರೆಂಟಮ್ಮ ಎನ್ನಿಸಿಕೊಂಡವಳು ಗೊತ್ತಿಲ್ಲ ಎನ್ನುವುದು ಹೇಗೆ?

"ಸಂಜೆಗಂಟ ಬರಲ್ಲ ಕಣಕ್ಕ. ನೋಡು ಬಾನ. ಎಲ್ಲಿಂದ ಬಂದಾತು?"

"ಸರಿ ಬುಡು," ಅಂದಳು. ಬಿಂದಿಗೆಯನ್ನು ಇನ್ನೊಂದು ಮಗ್ಗುಲಿಗೆ ಬದಲಾಯಿಸಿಕೊಂಡು ಹೋದಳು.

ಆ ಬಾವಿಯಲ್ಲಿ ಮೋಟಾರು ಮತ್ತು ಪಂಪು ಮೇಲೆ ಇರಲಿಲ್ಲ. ನೀರು ಕೆಳಗೆ ಹೋಗಿದ್ದರಿಂದ ಬಾವಿಯ ಒಳಗೆ, ಗೋಡೆಯಿಂದ ಮುಂದೆ ಬಂದ ಕಲ್ಲಿನ ಚಾಚಿನ ಮೇಲೆ ಕೂರಿಸಿದ್ದರು. ಹಿಡಿಯಿರುವ ಸ್ವಿಚ್ಚು ಮಾತ್ರ ಮೇಲೆ ಗುಡಿಸಲಿನಲ್ಲಿ. ಮಹದೇವಪ್ಪನವರು ಮೆಟ್ಟಿಲು ಇಳಿದು ಚಾಚಿನ ಮೇಲೆ ಕೂತು, ಮೋಟಾರಿನ ಚಕ್ರಕ್ಕೂ ಪಂಪಿನ ಚಕ್ರಕ್ಕೂ ನಡುವೆ ಕೈ ಹಾಕಿ ಬೆಲ್ಟು ಕೂರಿಸುತ್ತಿದ್ದರು. ಹೆಗಲ ಮೇಲೆ ಟವಲು.

ಮಧ್ಯಾಹ್ನ ನಾನು ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದೆ. ತಲೆಯ ಮೇಲಿನ ದೀಪ ಹತ್ತಿಕೊಂಡಿತು. ಹಗಲಿನ ಬೆಳಕಿನಲ್ಲಿ ಹಳದಿಯಾಗಿ. ನಾನು ನಕ್ಕೆ — ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ — ಅಕ್ಕನಿಗೆ ಸಂತೋಷವಾಗುತ್ತದೆ, ಅರಿಸಿನಕ್ಕೆ ಬೇಗ ನೀರಾಯಿತು ಎಂದುಕೊಂಡು ನಕ್ಕೆ. ಬೇಲಿಯ ಆಚೆ ಮೋಟಾರು ಗುಂಯ್ ಎಂದಿತು. ಆಮೇಲೆ ಅದರ ಸದ್ದು ಬದಲಾಯಿತು, ಏನನ್ನೋ ಕಚ್ಚಿಕೊಂಡ ಹಾಗೆ. ಆಮೇಲೆ ಅವಳ ಕೂಗು.

ಯಾರೋ ಓಡಿ ಹೋಗಿ ಹೇಳಿ ನಮ್ಮ ಯಜಮಾನರು ತೋಟಗಳ ಸ್ವಿಚ್ಚನ್ನೇ ತೆಗೆದರು. ಅಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ಟವಲನ್ನೂ ತೋಳನ್ನೂ ಬೆಲ್ಟು ಎಳೆದುಕೊಂಡು ಅವರನ್ನು ಕಲ್ಲಿಗೆ ಅಪ್ಪಳಿಸಿ ಕೆಳಗೆ ನೀರಿಗೆ ಕೆಡವಿತ್ತು. ಮೇಲೆತ್ತಿ ಮಲಗಿಸಿದಾಗ ನಾನು ಬೇಲಿಯ ಈಚೆಯೇ ನಿಂತಿದ್ದೆ. ದಾಟಿ ಹೋಗಲಿಲ್ಲ. ಗಿರಿಜಳನ್ನು ಸ್ಕೂಲಿನಿಂದ ಯಾರೋ ಕೈ ಹಿಡಿದು ಕರೆದುಕೊಂಡು ಬಂದರು.

ಮಣ್ಣು ಮಾಡಿದರು. ಶಿವಗಣಾರಾಧನೆಯೂ ಮುಗಿಯಿತು. ಮಾರನೆಯ ದಿನ ನನಗೆ ಕರೆ ಬಂತು.

ಜಗಲಿಯ ಮೇಲೆ ಗುರುಮಲ್ಲಪ್ಪನವರು, ಬೀದಿಯ ಹಿರಿಯರು. ಒಂದು ಕಡೆ ನಮ್ಮ ಯಜಮಾನರನ್ನೂ ಕೂರಿಸಿದ್ದರು. ಕಂಬದ ಪಕ್ಕ ದೇವಮ್ಮಣ್ಣಿ, ಅವಳಿಗೆ ಒತ್ತಿಕೊಂಡು ಮಗಳು. ಗುರುಮಲ್ಲಪ್ಪನವರು ಕೆಟ್ಟವರಲ್ಲ. ತಮ್ಮನನ್ನು ಕಳೆದುಕೊಂಡವರು. ಸ್ವಿಚ್ಚಿನ ಹಿಡಿಗೆ ನಾರು ಕಟ್ಟಿದವಳು ದೇವಮ್ಮಣ್ಣಿ ಎಂದು ತಿಳಿದಿತ್ತು. ಗಂಡ ಇಳಿಯುವ ಮುಂಚೆ ಅದನ್ನು ಏಕೆ ಬಿಚ್ಚಲಿಲ್ಲ ಎನ್ನುವುದು ಅವರ ಪ್ರಶ್ನೆ. ಅವಳು ನನ್ನ ಕಡೆ ನೋಡಿಕೊಂಡು ಹೇಳಿದಳು:

"ಇವ್ರು ನಾರು ಬಿಚ್ಚಿದ್ಯಾ ಅಂದ್ರು. ನಾನು, ಸಂಜೆಗಂಟ ಬರಲ್ವಂತೆ, ರಾಜಮ್ಮ ಅಂದವ್ಳೆ, ಇರ್ಲಿ ಬುಡಿ ಅಂದೆ. ಆಪರೇಟ್ರ ಮನೇವ್ಳು ಅಂದ್ಮೇಲೆ ಸರಿ ಅಂತ ಇಳಿದ್ರು. ಹೇಳು ರಾಜಮ್ಮ. ಬೇಲಿತಾವ ಕೇಳ್ನಲ್ಲ. ನೀನು ಮೊರ ಹಿಡ್ಕಂಡು ಕಲ್ಲಾರಿಸ್ತಿದ್ದೆ."

ಗುರುಮಲ್ಲಪ್ಪನವರು ನನ್ನ ಕಡೆ ತಿರುಗಿದರು. "ನೋಡವ್ವ. ನೀ ಅಂದಿದ್ರೆ ಅಂದೆ ಅನ್ನು. ನಿನ್ನ ಯಾರೂ ಏನೂ ಮಾಡಾಕಿಲ್ಲ. ಶಿವನ ಚಿತ್ತ ಅಂತ ನಾವೂ ಸುಮ್ಕಾಯ್ತೀವಿ, ಇವ್ಳೂ ಈ ಮನೇಲಿ ಇರ್ತಾಳೆ. ಅನ್ನದೆ ಇದ್ರೆ..."

ಅವರು ಅಲ್ಲಿಗೆ ನಿಲ್ಲಿಸಿದರು. ಅದರ ಮುಂದಿನದು ಎಲ್ಲರಿಗೂ ಗೊತ್ತಿತ್ತು. ಗಂಡನ ಸಾವಿಗೆ ಕಾರಣಳಾದ ಹೆಂಗಸನ್ನು ಮನೆಯಲ್ಲಿ ಇಟ್ಟುಕೊಳ್ಳುವವರಿಲ್ಲ.

ನಮ್ಮ ಯಜಮಾನರ ಕೆಲಸ ಹೋಗುತ್ತದೆ ಎಂದು ಹೆದರಿದೆ ಎಂದು ಬರೆದರೆ ನೀವು ಒಪ್ಪುವಿರಿ. ಎಷ್ಟೋ ವರ್ಷ ನಾನೂ ಒಪ್ಪಿಕೊಂಡಿದ್ದೆ. ಅದು ಆಮೇಲೆ ಹುಡುಕಿಕೊಂಡ ಕಾರಣ. ಆ ಕ್ಷಣದಲ್ಲಿ ಕೆಲಸ, ಸಂಬಳ ಯಾವುದೂ ತಲೆಗೆ ಬಂದಿರಲಿಲ್ಲ. ಅಷ್ಟು ಜನ ನನ್ನ ಮುಖ ನೋಡುತ್ತಿದ್ದರು. ಆ ನೋಟ ನನ್ನ ಮೇಲಿನಿಂದ ಹೋದರೆ ಸಾಕು, ಬೇರೆ ಯಾರ ಮೇಲಾದರೂ ಹೋಗಲಿ —

"ಇಲ್ಲ," ಅಂದೆ. "ಅವತ್ತು ಅಕ್ಕ ನನ್ನ ಕೇಳಲೇ ಇಲ್ಲ."

ಒಳಗಿನಿಂದ ಯಾರೋ ಮುದುಕಿ, "ಗಂಡನ್ನ ತಿಂದ್ಕಂಡು ಇನ್ನೊಬ್ಬರ ತಲೆಗೆ ಕಟ್ಟೋಕೆ ನೋಡ್ತಾಳಲ್ಲ," ಎಂದಳು. ದೇವಮ್ಮಣ್ಣಿ ಅಳಲಿಲ್ಲ, ಬೈಯಲಿಲ್ಲ. ಬಾಯಿ ಸ್ವಲ್ಪ ತೆರೆದು ನನ್ನನ್ನೇ ನೋಡುತ್ತಿದ್ದಳು, ನಾನು ಇನ್ನೂ ಏನೋ ಹೇಳುವುದಿದೆ, ಅದನ್ನು ಕೇಳಿಸಿಕೊಂಡರೆ ಎಲ್ಲ ಸರಿಹೋಗುತ್ತದೆ ಎನ್ನುವವಳ ಹಾಗೆ. ಗಿರಿಜ ತಾಯಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ತಾಯಿಯ ಸೆರಗನ್ನು ಕೈಬಿಟ್ಟಳು.

ಮನೆಗೆ ಬಂದ ಮೇಲೆ ಯಜಮಾನರು ಕೇಳಿದರು. "ಬೆಳಿಗ್ಗೆ ನಾನು ಹೇಳಿದ್ದೆ ನಿನಗೆ. ಅವರಿಗೆ ನೀನು ಏನೂ ಹೇಳಲಿಲ್ಲ ಅಲ್ಲವಾ?" ಇಲ್ಲ ಎಂದೆ. "ಹಾಗಾದರೆ ಆ ಹೆಂಗಸು ಸುಳ್ಳು ಹೇಳ್ತಾಳೆ. ಸ್ವಿಚ್ಚು ಹಾಕಿದ ಕೈ ನಂದು, ನಂಗೇನು ಕಡಿಮೆ ಸಂಕಟವಾ? ಅದನ್ನು ತಂದು ನಿನ್ನ ಮೇಲೆ ಹಾಕ್ತಾಳಲ್ಲ," ಎಂದರು. ಅವರು ಜೀವಮಾನದಲ್ಲಿ ಯಾರ ಮೇಲೂ ಕೆಟ್ಟ ಮಾತು ಆಡಿದವರಲ್ಲ. ಆ ಮಾತನ್ನು ಅವರಿಂದ ಆಡಿಸಿದವಳು ನಾನು.

ಸ್ವಲ್ಪ ದಿನಕ್ಕೆ ದೇವಮ್ಮಣ್ಣಿಯ ಅಣ್ಣ ಬಂದು ತಾಯಿಮಗಳನ್ನು ಸಂತೆಮರಹಳ್ಳಿಗೆ ಕರೆದುಕೊಂಡು ಹೋದ. ಅವರು ನಮ್ಮ ಮನೆಯ ಮುಂದೆಯೇ ಬಸ್ಸಿಗೆ ನಡೆದು ಹೋಗಬೇಕು. ನಾನು ಬಾಗಿಲು ಹಾಕಿಕೊಂಡು ಒಳಗೆ ಕೂತೆ.

ಆ ವರ್ಷ ಹೊಳೆ ತುಂಬಿ ಹರಿಯಿತು. ಕಡಿತ ತೆಗೆದರು. ಬೇಲಿಯ ಆಚೆಯ ಪಂಪು ಹಗಲೂ ರಾತ್ರಿ ತಿರುಗಿತು. ಅರಿಸಿನ ಎದೆಯುದ್ದ ಬೆಳೆದು ನಿಂತಿತು. ಅದರ ಮುಂದಿನ ವರ್ಷವೂ ಚೆನ್ನಾಗಿತ್ತು. ಆಮೇಲೆ ಮತ್ತೆ ಕೊಡಗಿನಲ್ಲಿ ಮಳೆ ಕೈಕೊಟ್ಟಿತು, ಮತ್ತೆ ದೀಪ ಮಂಕಾಯಿತು, ಮತ್ತೆ ಹೆಂಗಸರು ಎಷ್ಟೊತ್ತಿಗೆ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಆಗ ಆ ಮಾತು ಎಷ್ಟು ಸುಲಭವಾಗಿ ಬಾಯಿಗೆ ಬಂತು. ಈ ಮಳೆಗೆ ಒಂದು ನಡೆ ಎನ್ನುವುದಿಲ್ಲ, ಒಂದು ವರ್ಷ ಇದ್ದ ಹಾಗೆ ಇನ್ನೊಂದು ವರ್ಷ ಇರುವುದಿಲ್ಲ, ಅದನ್ನು ನೆಚ್ಚಿ ಯಾರಿಗೂ ಏನೂ ಹೇಳುವ ಹಾಗಿಲ್ಲ — ಇದನ್ನು ಒಬ್ಬರ ಜೀವ ಕೊಟ್ಟು ಕಲಿತೆ. ಅದೂ ನನ್ನದಲ್ಲದ ಜೀವ.

ಈಗ ನಾವು ಚಾಮರಾಜನಗರದಲ್ಲಿದ್ದೇವೆ. ಸಂತೆಮರಹಳ್ಳಿ ಇಲ್ಲಿಂದ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ? ತರಕಾರಿ ತರುವಷ್ಟರಲ್ಲಿ ಹೋಗಿ ಬರಬಹುದು. ಇಷ್ಟು ವರ್ಷ ಹೋಗಲಿಲ್ಲ. ಹೋದ ತಿಂಗಳು ಗುರುಮಲ್ಲಪ್ಪನವರು ತೀರಿಕೊಂಡರೆಂದು ಗುಂಡ್ಲುಪೇಟೆಯವರೊಬ್ಬರು ಹೇಳಿದರು. ಯಾರ ಮುಂದೆ ಸುಳ್ಳು ಹೇಳಿದ್ದೆನೋ ಅವರೇ ಹೋಗಿಬಿಟ್ಟರು. ದೇವಮ್ಮಣ್ಣಿಯನ್ನು ಮನೆಗೆ ಮರಳಿ ಕರೆಯಬಲ್ಲವರು ಅವರೊಬ್ಬರೇ ಇದ್ದರು.

ಆ ದಿನವೇ ಯಜಮಾನರಿಗೆ ಎಲ್ಲ ಹೇಳಿದೆ. "ನಾನು ಆ ತಾಯಿಯ ಮುಖ ಕೂಡ ನೋಡದೆ ಜಗಲಿಯಿಂದ ಎದ್ದು ಬಂದೆನಲ್ಲ," ಎಂದರು, ಅಷ್ಟೇ. ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೋದರು. ಈಗಲೂ ಮನೆಯಲ್ಲಿ ಬೇಕಾದಷ್ಟು ಮಾತ್ರ ಆಡುತ್ತಾರೆ.

ನಾನು ಸಂತೆಮರಹಳ್ಳಿಗೆ ಹೋದೆ.

ದೇವಮ್ಮಣ್ಣಿ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಕೂತು ರೇಷ್ಮೆ ಹುಳುವಿಗೆ ಸೊಪ್ಪು ಹೆಚ್ಚುತ್ತಿದ್ದಳು. ಕೂದಲು ಹಣ್ಣಾಗಿದೆ. ನನ್ನನ್ನು ನೋಡುತ್ತಲೇ ಗುರುತು ಹಿಡಿದಳು. "ಬಾರವ್ವ ರಾಜಮ್ಮ, ಕೂಕೊ. ಇವತ್ತು ನೆಪ್ಪಾಯ್ತಾ ಅಕ್ಕನ?" ಎಂದು ಎದ್ದು ನಿಂತಳು. ಒಳಗೆ ಕತ್ತಲೆ ಎಂದು ದೀಪದ ಸ್ವಿಚ್ಚಿಗೆ ಕೈ ನೀಡಿದಳು. ಬಾಗಿಲಲ್ಲಿ ಬೆಳೆದ ಹುಡುಗಿ, ಗಿರಿಜ.

"ನೀ ಮುಟ್ಬೇಡ ಅದ. ಒಂದ್ಸಲ ಮಾಡಿದ್ದು ಸಾಕು," ಎಂದು ತಾಯಿಯ ಕೈ ಸರಿಸಿ ತಾನೇ ಹಾಕಿದಳು. ದಿನವೂ ಆಡುವ ಮಾತಿನ ಹಾಗೆ ಆಡಿದಳು. ದೇವಮ್ಮಣ್ಣಿಯೂ ದಿನವೂ ಕೇಳುವ ಮಾತಿನ ಹಾಗೆ ಕೈ ಹಿಂದಕ್ಕೆ ತೆಗೆದುಕೊಂಡಳು.

ನನ್ನ ಮುಂದೆ ಒಂದು ಚೊಂಬು ನೀರು ಇಟ್ಟರು. ಕುಡಿಯುವ ಮುಂಚೆ ಹೇಳಿಬಿಡಬೇಕು ಎಂದುಕೊಂಡೆ. ಎಲ್ಲ ಹೇಳಿದೆ. ಯಜಮಾನರು ರೊಟ್ಟಿ ಮುರಿಯುತ್ತಾ ಹೇಳಿದ್ದು, ನಾನು ಬಾನು ನೋಡಿ ಹೇಳಿದ್ದು, ಜಗಲಿಯ ಮೇಲೆ ಹೇಳಿದ್ದು.

ಅವಳು ಸೊಪ್ಪಿನ ಕತ್ತಿಯನ್ನು ಕೆಳಗಿಟ್ಟು ಕೇಳಿಸಿಕೊಂಡಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು.

"ಯಾಕವ್ವ ಇಂಗಂತೀಯೆ? ನನ್ನ ಸಮಾಧಾನಕ್ಕೆ ಇಷ್ಟು ದೂರ ಬಂದು ಸುಳ್ಳು ಹೇಳ್ಬೇಕಾ ನೀನು? ನಾ ನಿನ್ನ ಕೇಳಿರ್ನಿಲ್ಲ ಕಣ. ಮೊದಮೊದ್ಲು ಕೇಳ್ದೆ ಅಂತ್ಲೇ ಅನ್ನಿಸ್ತಿತ್ತು. ಎಷ್ಟು ದಿನ ಕೂತು ಯೋಚ್ನೆ ಮಾಡಿವ್ನಿ. ನಾರು ಬಿಚ್ಚೋಕೆ ಸೋಮಾರಿತನ ಬಂತು, ಗಂಡನ್ನ ಕೊಂದ್ಬುಟ್ಟೆ. ಆ ಸಂಕಟ ತಡೀನಾರ್ದೆ ನಿನ್ನ ಹೆಸ್ರ ಹತ್ತು ಜನದ ಮುಂದೆ ಎಳ್ದೆ. ನೀನೇ ನನ್ನ ಕ್ಷಮಿಸ್ಬೇಕು."

ಇಲ್ಲ ಅಕ್ಕ, ನೀನು ಕೇಳಿದ್ದೆ, ನನ್ನ ಕೈಯಲ್ಲಿ ಮೊರ ಇತ್ತು, ಅಕ್ಕಿಯ ಕಲ್ಲು ಆರಿಸುತ್ತಿದ್ದೆ ಎಂದೆ. ಅವಳು ನಕ್ಕಳು, ಮಕ್ಕಳ ಮಾತಿಗೆ ನಗುವ ಹಾಗೆ.

"ಅದು ನಾನು ಜಗಲೀಲಿ ಅಂದ ಮಾತು. ಅದ್ನೇ ನೀನು ತಿರುಗಿಸಿ ನಂಗೆ ಹೇಳ್ತಾ ಇದ್ದೀಯೆ. ಬುಡು. ನಿನ್ನ ಮನ್ಸು ಒಳ್ಳೇದು."

ನನ್ನ ಬಳಿ ಬೇರೆ ಯಾವ ಸಾಕ್ಷಿಯೂ ಇಲ್ಲ. ಅಂದು ಅವಳ ಬಾಯಿಂದ ಬಂದ ನಿಜವನ್ನು ನಾನು ಎಷ್ಟು ಚೆನ್ನಾಗಿ ಕೊಂದಿದ್ದೆನೆಂದರೆ, ಇಂದು ಅದೇ ನಿಜ ನನ್ನ ಬಾಯಿಂದ ಬಂದರೂ ಏಳಲಿಲ್ಲ. ಆಸ್ತಿ ಹೋದದ್ದು, ಮನೆ ಹೋದದ್ದು ನನಗೆ ಗೊತ್ತಿತ್ತು. ಅವಳೊಳಗಿನ ಈ ನೆನಪೂ ಹೋಗಿದೆ ಎಂದು ಗೊತ್ತಿರಲಿಲ್ಲ. ಹೇಳಿಬಿಟ್ಟರೆ ಅವಳು ಉಗಿಯುತ್ತಾಳೆ, ಹೊಡೆಯುತ್ತಾಳೆ, ನಾನು ಅನುಭವಿಸುತ್ತೇನೆ ಎಂದು ಹೋಗಿದ್ದೆ.

ಅವಳು ನಂಬಲಿಲ್ಲ. ಬಾಗಿಲಲ್ಲಿ ನಿಂತಿದ್ದ ಗಿರಿಜ ನಂಬಿದಳು. ಅವಳು ನನ್ನನ್ನು ನೋಡಲಿಲ್ಲ, ತಾಯಿಯನ್ನು ನೋಡುತ್ತಿದ್ದಳು. ಸ್ವಿಚ್ಚು ಹಾಕಿದ್ದ ತನ್ನ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದಳು. ಆಮೇಲೆ ಒಳಗೆ ಬಂದು, ನನ್ನ ಮುಂದಿದ್ದ ನೀರಿನ ಚೊಂಬನ್ನು ಎತ್ತಿಕೊಂಡು ಹೊರಗೆ ಹೋಗಿ ಅಂಗಳಕ್ಕೆ ಚೆಲ್ಲಿದಳು.

"ಏಯ್, ಏನಮ್ಮಿ ಅದು? ಬಂದೋರ ಮುಂದಿನ ನೀರ ಎತ್ಕಂಡೋಯ್ತಾರಾ?" ದೇವಮ್ಮಣ್ಣಿ ಗದರಿದಳು. ನನ್ನ ಕಡೆ ತಿರುಗಿ, "ತಪ್ಪು ತಿಳೀಬೇಡ ಕಣವ್ವ, ಅಪ್ಪನಿಲ್ಲದ ಕೂಸು," ಎಂದು ಎದ್ದು ಹೋದಳು. ಮಗಳ ಕೈಯಿಂದ ಚೊಂಬು ಕಿತ್ತುಕೊಂಡು, ಬೆಳಗಿ, ತುಂಬಿಸಿ, ತನ್ನ ಕೈಯಾರ ತಂದು ನನ್ನ ಮುಂದೆ ಹಿಡಿದಳು. ನಾನು ಕುಡಿಯುವ ತನಕ ಎದುರಿಗೇ ನಿಂತಿದ್ದಳು.

ಕುಡಿದೆ.